ನೀರು ಕಾಣದ ವಿಭೂತಿ

ಮುಬಶೀರ ಕಾರಿಗೆ ಹೊದಿಸಿದ ತಾಡಪತ್ರಿಯ ಹಗ್ಗ ಬಿಚ್ಚಿ ಮುಗಿಸುವವರೆಗೂ ವಿದ್ಯಾಶ್ರೀ ಉಸಿರು ಬಿಗಿಹಿಡಿದೇ ನಿಂತಿದ್ದಳು.

ಹಾನಗಲ್ಲಿನ ಹೊರಗೆ, ಭತ್ತದ ಗಿರಣಿಯ ಬೆನ್ನಿಗೆ, ಮುಬಶೀರನ ಕ್ರೇನು ನಿಲ್ಲುವ ಬಯಲು ಅದು. ಕೆರೆಯಿಂದ ಎತ್ತಿದ ಕಾರನ್ನು ಇಡಲು ಬೇರೆ ಜಾಗ ಸಿಗದೆ ಪೊಲೀಸರು ಇಲ್ಲೇ ಬಿಟ್ಟಿದ್ದರು. ಬಯಲಿಗೆ ಗೋಡೆಯಿಲ್ಲ. ದಾರಿಗೆ ಅಡ್ಡ ಒಂದು ಸರಪಳಿ, ಅಷ್ಟೇ.

"ಲಗೂನ ತಗಿಯೋ ಮಾರಾಯಾ," ಎಂದರು ಎಸ್‌ಐ ಮಾಲತೇಶ, ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತ. "ಬಿಸಲು ನೆತ್ತಿ ಸುಡಾಕತ್ತೈತಿ. ಈ ಹುಡುಗಿ ಅದೇನ ತೋರಸ್ತಾಳೋ ತೋರಿಸಿಬಿಡ್ಲಿ."

ತಾಡಪತ್ರಿ ಜಾರಿ ಬಿತ್ತು.

ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತಿರುವ ಕೆಂಪು ಕಾರು. ಮೈತುಂಬ ಕೆರೆಯ ಕೆಸರು ಒಣಗಿ ಬಿರುಕುಬಿಟ್ಟಿತ್ತು. ಮುಂದಿನ ಗಾಜಿನ ಮೂಲೆಯಲ್ಲಿ ಒಂದು ಎಳೆ ಪಾಚಿ ಇನ್ನೂ ಅಂಟಿಕೊಂಡಿತ್ತು.

ಹಿಂದಿನ ವಾರ ಇದೇ ಕಾರು ಆನಿಕೆರೆಯ ಏರಿಯಿಂದ ಹಿಮ್ಮುಖವಾಗಿ ನೀರಿಗೆ ಹಾರಿ ಹಿರೇಕೆರೂರಿನ ಅಜ್ಜಪ್ಪನನ್ನು ಮುಳುಗಿಸಿತ್ತು. ಅದರ ಗೇರ್‌ಬಾಕ್ಸು ಬಿಚ್ಚಿ ಜೋಡಿಸಿದ್ದ ವಿದ್ಯಾಶ್ರೀಯ ಅಣ್ಣ ಪರಮೇಶ ಈಗ ಲಾಕಪ್ಪಿನಲ್ಲಿದ್ದ. ನಾಳೆ ಅವನನ್ನು ಕೋರ್ಟಿಗೆ ಒಪ್ಪಿಸುತ್ತಾರೆ. ಅದಕ್ಕೆ ಮೊದಲು ಅವಳು ತೋರಿಸಬೇಕಾದದ್ದು ಒಂದೇ ಒಂದು ವಸ್ತು. ಅದು ಈ ಕಾರಿನ ಒಳಗಿತ್ತು.

"ಗೇರ್ ರಾಡಿನ ನಾಬ್ ನೋಡ್ರಿ ಸಾಹೇಬ್ರ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದಳು.

"ನೋಡೂಣು, ನೋಡೂಣು. ಅದಕ್ಕಂತನ ಬಂದೇವಲ್ಲ."

ತುಸು ದೂರದಲ್ಲಿ, ಬೇವಿನ ನೆರಳಿಗೆ ನಿಲ್ಲಿಸಿದ ತನ್ನ ಬಿಳಿ ಗಾಡಿಗೆ ಒರಗಿ ಶಂಭುಲಿಂಗ ನಿಂತಿದ್ದ. ಹಿರೇಕೆರೂರಿನ ಹತ್ತಿ ವ್ಯಾಪಾರಿ. ಕೆಂಪು ಕಾರು ಅವನದೇ, ಸತ್ತ ಅಜ್ಜಪ್ಪ ಅವನ ಚಿಕ್ಕಪ್ಪನ ಮಗ. ಕಾರಿನ ಮಾಲೀಕನೆಂದು ಎಸ್‌ಐ ಅವನನ್ನು ಕರೆಸಿದ್ದರು. ಅವನು ವಿದ್ಯಾಶ್ರೀಯನ್ನು ನೋಡಿ, ತಂಗಿಯನ್ನು ನೋಡುವಂತೆ, ಮರುಕದಿಂದ ತಲೆಯಾಡಿಸಿದ.

ಒಂದು ಹಳೆಯ ಲಾರಿ ಟೈರಿನ ಮೇಲೆ ಸವಣೂರಿನ ಖಾದರಸಾಬ ಕುಳಿತಿದ್ದ. ಪರಮೇಶನಿಗೆ ಕೆಲಸ ಕಲಿಸಿದ ಉಸ್ತಾದ. ಸುತ್ತಲಿನ ಹಳೆಯ ಗೇರ್‌ಬಾಕ್ಸುಗಳೆಲ್ಲ ಒಂದಿಲ್ಲೊಂದು ದಿನ ಅವನ ಕೈ ಕೆಳಗೆ ಹಾಯ್ದುಹೋದವು. ಬೆಳಗಿನ ಬಸ್ಸಿಗೆ ಹೋಗಿ, ಕಾಲು ಹಿಡಿಯುವುದೊಂದು ಬಾಕಿ, ಬೇಡಿಕೊಂಡು ಅವನನ್ನು ಅವಳೇ ಕರೆತಂದಿದ್ದಳು.

ಮಾಲತೇಶ ಬಾಗಿಲಿನ ಹಿಡಿಗೆ ಕೈಹಾಕಿದರು. ಬಾಗಿಲು ಕಿರುಗುಟ್ಟಿ ತೆರೆಯಿತು. ಒಳಗಿನಿಂದ ಕೊಳೆತ ನೀರಿನ ವಾಸನೆ ಬಂತು.

ಅವಳಿಗೆ ಗೊತ್ತಿತ್ತು, ಏನು ಕಾಣುತ್ತದೆಂದು. ಕಾರನ್ನು ಮೇಲೆತ್ತಿದ ದಿನ ಜನರೆಲ್ಲ ಹೆಣದ ಸುತ್ತ ಮುಗಿಬಿದ್ದಿದ್ದಾಗ ಅವಳು ಕಿಟಕಿಯಿಂದ ಇಣುಕಿದ್ದಳು. ಗೇರ್ ರಾಡಿನ ತುದಿಗೆ ಕರಿಯ ಪ್ಲಾಸ್ಟಿಕ್ ಗುಂಡೊಂದು ಕುಳಿತಿತ್ತು. ಟೆಂಪೊಗಳಿಗಿರುತ್ತದಲ್ಲ, ಅಂಥದು. ಮೇಲೆ ಬಿಳಿಗೆರೆಗಳಲ್ಲಿ ಎಲ್ಲ ಗಾಡಿಗಳಲ್ಲೂ ಇರುವ ಚಿತ್ರ: ಎಡಕ್ಕೆ ಮೇಲೆ ಒಂದು, ಅದರ ಕೆಳಗೆ ಎರಡು.

ಈ ಕಾರಿಗೆ ಅದು ಸುಳ್ಳು ಚಿತ್ರ.

"ಈ ಗಾಡಿ ರೇಸಿಗಂತ ಮಾಡಿದ್ದು," ಎಂದು ಪರಮೇಶ ಶಿಗ್ಗಾಂವಿಯ ತಮ್ಮ ಗ್ಯಾರೇಜಿನಲ್ಲಿ ಅವಳಿಗೆ ತೋರಿಸಿದ್ದ. "ಎಲ್ಲಾ ಗಾಡ್ಯಾಗ ಫಸ್ಟ್ ಇರೋ ಜಾಗಾದಾಗ ಇದರಾಗ ರಿವರ್ಸ್ ಐತಿ. ಎಡಕ್ಕ ಮ್ಯಾಲೆ ಹಾಕಿದಿ ಅಂದ್ರ ಹಿಂದ ಹೋಕ್ಕೈತಿ. ಫಸ್ಟ್ ಎಡಕ್ಕ ಕೆಳಗ. ರೇಸಿನ್ಯಾಗ ಸೆಕೆಂಡು ಥರ್ಡು ಘಳಿಗಿಗೊಮ್ಮಿ ಬೇಕಲ್ಲ, ಅದಕ್ಕ ಅವೆರಡೂ ಒಂದ ಗೀಟಿನ್ಯಾಗ ಇಟ್ಟಾರ. ಗೊತ್ತಿಲ್ಲದಾಂವ ಕುಂತ್ರ ಮುಗೀತು."

ಅದಕ್ಕೇ ಕಾರಿನ ಅಸಲಿ ನಾಬಿನ ಮೇಲೆ ಹಿತ್ತಾಳೆಯ ಬಿಲ್ಲೆಯಿತ್ತು. ಅದರಲ್ಲಿ ಸರಿಯಾದ ಚಿತ್ರ ಕೊರೆದಿತ್ತು.

ಯಾರೋ ಆ ನಾಬು ಬಿಚ್ಚಿ ಟೆಂಪೊದ ನಾಬು ತಿರುಗಿಸಿ ಕೂಡಿಸಿದ್ದಾರೆ. ಕಾರನ್ನು ಕೆರೆಗೆ ಬೆನ್ನುಮಾಡಿ, ಮೂತಿ ಏರುದಾರಿಯ ಕಡೆಗಿಟ್ಟು ನಿಲ್ಲಿಸಿದ್ದಾರೆ. ಏರು ಹತ್ತಿಸಲು ಎಕ್ಸಿಲರೇಟರ್ ಜೋರಾಗಿಯೇ ಒತ್ತಬೇಕು. ಅಜ್ಜಪ್ಪ ನಾಬು ನೋಡಿ, ಫಸ್ಟ್ ಎಂದುಕೊಂಡು ಎಡಕ್ಕೆ ಮೇಲೆ ಹಾಕಿ, ಜೋರಾಗಿ ಒತ್ತಿ ಕ್ಲಚ್ ಬಿಟ್ಟಿದ್ದಾನೆ. ಏರಿಯ ಮೇಲೆ ಚಹಾ ಮಾರುವ ಗಿರಿಯಪ್ಪ ಅವನ ಕೊನೆಯ ಮಾತು ಕೇಳಿದ್ದ: "ಫಸ್ಟ್ ಇಲ್ಲೈತಿ ನೋಡು, ನಾಬಿನ ಮ್ಯಾಲ ಬರದಾರ!"

ಆ ಟೆಂಪೊ ನಾಬೊಂದನ್ನು ಎಸ್‌ಐ ಕಣ್ಣಿಂದ ನೋಡಿದರೆ ಸಾಕು. ಅಣ್ಣ ಇವತ್ತೇ ಮನೆಗೆ ಬರುತ್ತಾನೆ.

ಅವಳು ಬಾಗಿ ಒಳಗೆ ನೋಡಿದಳು.

ಗೇರ್ ರಾಡಿನ ತುದಿಯಲ್ಲಿ ಕಂದು ಕಟ್ಟಿಗೆಯ ನಾಬು ಇತ್ತು. ಅದರ ನೆತ್ತಿಯಲ್ಲಿ ಹಿತ್ತಾಳೆಯ ಬಿಲ್ಲೆ.

ಅವಳು ತಲೆಯನ್ನು ಇನ್ನಷ್ಟು ಒಳಗೆ ತೂರಿಸಿ ನೋಡಿದಳು.

"ಇಲ್ರಿ," ಎಂದಳು. "ಇದಲ್ರಿ. ಇಲ್ಲೆ ಕರೇದಿತ್ರಿ. ಪ್ಲಾಸ್ಟಿಕ್‌ದು. ನಾ ನೋಡೇನ್ರಿ."

"ಯಾವಾಗ?"

"ಮ್ಯಾಲ ತಗದ ದಿನಾ."

"ಫೋಟೊ?"

ಅವಳ ಕೈಯಲ್ಲಿದ್ದುದು ಗುಂಡಿಯೊತ್ತುವ ಫೋನು. ಅದರಲ್ಲಿ ಫೋಟೊ ಬರುತ್ತಿರಲಿಲ್ಲ.

"ಬ್ಯಾರೆ ಯಾರರ ನೋಡ್ಯಾರೇನು?"

"ಎಲ್ಲಾರೂ ಅಜ್ಜಪ್ಪಣ್ಣಾರ್ನ ನೋಡಾಕತ್ತಿದ್ರಿ."

ಮಾಲತೇಶ ಕೆಟ್ಟ ಮನುಷ್ಯರಲ್ಲ. ಗದರಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. "ಚಾಚಾ, ಬರ್ರಿಲ್ಲೆ," ಎಂದು ಖಾದರಸಾಬನನ್ನು ಕರೆದರು. "ನೀವ ಹೇಳ್ರಿ. ಇದು ಅಸಲಿ ನಾಬ್ ಹೌದೋ ಅಲ್ಲೋ?"

ಪೊಲೀಸರ ಮಾಲು ಮುಟ್ಟಬಾರದೆಂದು ಖಾದರಸಾಬ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಬಾಗಿದ. ಚಷ್ಮಾ ಮೂಗಿನ ತುದಿಗೆ ಇಳಿಯಿತು.

ಚಾಚಾ, ಅಲ್ಲ ಅನ್ರಿ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಅಸಲಿ ಐತಿ ಸಾಹೇಬ್," ಎಂದ ಅವನು. "ಇಂಥಾ ನಾಬ್ ನಮ್ಮ ಸೀಮ್ಯಾಗ ಇನ್ನೊಂದ ಸಿಗಂಗಿಲ್ಲ. ಅಂಕಿ ಬರಾಬ್ಬರಿ ಅದಾವು. ಫಸ್ಟ್ ಕೆಳಗ, ರಿವರ್ಸ್ ಮ್ಯಾಲ."

"ಹಂಗಾದ್ರ ನೀವ ಹೇಳ್ರಿ. ನಾಬ್ ಖರೇ ಐತಿ. ಅಜ್ಜಪ್ಪ ಅದನ್ನ ನೋಡೇ ಫಸ್ಟ್ ಹಾಕ್ಯಾನ. ಗಿರಿಯಪ್ಪ ಕೇಳ್ಯಾನ. ಮತ್ತ ಗಾಡಿ ಹಿಂದ ಯಾಕ ಹೋತು?"

ಖಾದರಸಾಬ ನೆಟ್ಟಗಾಗಿ ಚಷ್ಮಾ ಮೇಲೇರಿಸಿಕೊಂಡ.

"ಒಳಗ ಉಲ್ಟಾ ಜೋಡಿಸಿದ್ರ ಹಂಗ ಆಕ್ಕೈತೋ ಇಲ್ಲೋ?"

"ಪರಮೇಶ ಹಂಗ ಮಾಡೋ ಹುಡುಗ ಅಲ್ಲ ಸಾಹೇಬ್."

"ಅದನ್ನ ಕೇಳ್ಲಿಲ್ಲ ಚಾಚಾ. ಆಕ್ಕೈತೋ ಇಲ್ಲೋ?"

ಮುದುಕ ವಿದ್ಯಾಶ್ರೀಯನ್ನು ನೋಡಿದ. ಸುಳ್ಳು ಹೇಳಲು ಬರದವರ ಸಂಕಟ ಅವನ ಮುಖದ ಮೇಲಿತ್ತು. "ರಾಡಿನಿಂದ ಬಾಕ್ಸಿಗೆ ಹೋಗೋ ಜೋಡಣಿ ಉಲ್ಟಾ ಕೂಡಿಸಿದ್ರ... ಆಕ್ಕೈತಿ. ಅಪರೂಪ. ಆದ್ರ ಆಕ್ಕೈತಿ. ಮಾಫ್ ಕರೋ ಬೇಟಿ."

ತಿರುಗಿಸಿ ನೋಡೋಣವೆಂದರೆ ಗೇರ್‌ಬಾಕ್ಸೇ ಉಳಿದಿರಲಿಲ್ಲ. ಕೆರೆಯ ಮೆಟ್ಟಿಲಿಗೆ ಬಡಿದು ಅದರ ಕವಚ ಒಡೆದು, ಒಳಗಿನದೆಲ್ಲ ಚದುರಿತ್ತು. ಸಾಲದ್ದಕ್ಕೆ ಎಳೆಯುವ ಮೊದಲು ಮುಬಶೀರ ವಾಡಿಕೆಯಂತೆ ಕೆಸರುನೀರಿನೊಳಗೇ, ಕಣ್ಣಿಗೇನೂ ಕಾಣದೆ, ಕೈ ತಡವಿ ರಾಡನ್ನು ನ್ಯೂಟ್ರಲ್‌ಗೆ ತಂದಿದ್ದ. ಯಾವ ಗೇರಿನಲ್ಲಿತ್ತೆಂದು ಈಗ ದೇವರೂ ಹೇಳಲಾರ.

"ಮ್ಯಾಲಿಂದ ಅಂವ ಅಜ್ಜಪ್ಪನ ಕೂಡ ಜಗಳಾ ಬ್ಯಾರೆ ಮಾಡ್ಯಾನ," ಎಂದರು ಮಾಲತೇಶ, ಹೇಳಲು ಮನಸ್ಸಿಲ್ಲದವರಂತೆ.

ಜಗಳ ನಡೆದದ್ದು ಅವಳ ಎದುರೇ. ಕಾರು ಒಯ್ಯಲು ಶಂಭುಲಿಂಗನ ಜೊತೆ ಅಜ್ಜಪ್ಪನೂ ಗ್ಯಾರೇಜಿಗೆ ಬಂದಿದ್ದ. ತಾನೊಮ್ಮೆ ಓಡಿಸಿ ನೋಡುತ್ತೇನೆಂದು ಕುಳಿತವನು ಕ್ಲಚ್ ಅರ್ಧ ತುಳಿದು ರಾಡನ್ನು ದೂಡಿದ್ದ. ಒಳಗಿನ ಹಲ್ಲುಗಳು ಕರಕರನೆ ಕಿರುಚಿದ್ದವು. ರಾತ್ರಿಹಗಲು ಕುಳಿತು ಆ ಹಲ್ಲುಗಳನ್ನು ಕೂಡಿಸಿದ್ದ ಪರಮೇಶ ಓಡಿ ಬಂದು ಚಾವಿ ಕಿತ್ತುಕೊಂಡಿದ್ದ. "ಗೇರ್ ಹಾಕಾಕ ಬರದಾವ್ರಿಗೆ ಈ ಗಾಡಿ ಯಾಕ್ರೀ? ಒಂದಿನ ಇದ ನಿಮ್ಮನ್ನ ಕೊಲ್ತೈತಿ!" ಅಜ್ಜಪ್ಪ ಎಲ್ಲರ ಎದುರು ಅವನ ಕೆನ್ನೆಗೆ ಹೊಡೆದಿದ್ದ.

ಸಿಟ್ಟಿನಲ್ಲಿ ಆಡಿದ ಆ ಮಾತು ಈಗ ಪೊಲೀಸರ ಬಾಯಲ್ಲಿತ್ತು.

"ಬಿಡ್ರಿ ಸಾಹೇಬ್ರ," ಎಂದ ಶಂಭುಲಿಂಗ, ನೆರಳು ಬಿಟ್ಟು ಹತ್ತಿರ ಬಂದು. "ಸಣ್ಣ ಹುಡುಗಿ. ಅಣ್ಣನ ಮ್ಯಾಲಿನ ಮಾಯಾ. ಕಣ್ಣಿಗೆ ಏನೇನೋ ಕಂಡಿರ್ತೈತಿ. ನನಗೇನ ಸಿಟ್ಟಿಲ್ಲವ್ವಾ ತಂಗಿ."

ವಿದ್ಯಾಶ್ರೀಯ ಕಣ್ಣು ನಾಬಿನ ಪಕ್ಕೆಯ ಮೇಲೆ ನಿಂತುಬಿಟ್ಟಿತ್ತು.

ಕಂದು ಕಟ್ಟಿಗೆಯ ಮೇಲೆ ಮೂರು ಬೆಳ್ಳನೆಯ ಗೆರೆಗಳಿದ್ದವು. ಮೇಲಿನ ಎರಡು ಪೂರ್ತಿ. ಕೆಳಗಿನದು ನಡುವೆ ತುಂಡಾಗಿತ್ತು.

ಅವ್ವನ ಗೆರೆ.

ಗ್ಯಾರೇಜಿನಿಂದ ಹೊರಡುವ ಯಾವ ಗಾಡಿಯನ್ನೂ ಭರಮವ್ವ ಹಾಗೇ ಕಳಿಸಿದವಳಲ್ಲ. ವಿಭೂತಿ ಕಲಸಿ ಸ್ಟೇರಿಂಗಿಗೊಮ್ಮೆ, ಗೇರ್ ರಾಡಿನ ತಲೆಗೊಮ್ಮೆ ಮೂರು ಬೆರಳು ಎಳೆಯುತ್ತಾಳೆ. ಹಿಂದೊಮ್ಮೆ ಬಾನೆಟ್ ಬಿದ್ದು ಅವಳ ಉಂಗುರದ ಬೆರಳು ಸೊಟ್ಟಗಾಗಿದೆ. ಅದಕ್ಕೇ ಕೆಳಗಿನ ಗೆರೆ ಯಾವಾಗಲೂ ನಡುವೆ ಕಡಿಯುತ್ತದೆ. ಈ ಕಾರು ಹೊರಟ ದಿನವೂ ಎಳೆದಿದ್ದಳು.

ವಿದ್ಯಾಶ್ರೀ ಸ್ಟೇರಿಂಗನ್ನು ನೋಡಿದಳು. ಅಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಕೆರೆಯ ನೀರು ತೊಳೆದುಕೊಂಡು ಹೋಗಿತ್ತು.

ಮತ್ತೆ ನಾಬನ್ನು ನೋಡಿದಳು. ಒಣಗಿದ ವಿಭೂತಿ. ಅಂಚು ತುಸು ಮಾಸಿದ್ದರೂ ನೀರು ತಾಗಿದ ಗುರುತಿಲ್ಲ.

ಒಂದು ಗೇಣು ಅಂತರ. ಸ್ಟೇರಿಂಗ್ ಮುಳುಗಿದೆ, ಸೀಟು ಮುಳುಗಿದೆ. ಈ ನಾಬು ಮುಳುಗಿಲ್ಲ. ಕಾರು ಕೆರೆಗೆ ಬಿದ್ದಾಗ ಇದು ಬೇರೆ ಎಲ್ಲೋ ಇತ್ತು, ಯಾರದೋ ಮನೆಯಲ್ಲಿ, ಯಾರದೋ ಕಿಸೆಯಲ್ಲಿ. ಆಮೇಲೆ ಆ ಯಾರೋ ಸರಪಳಿ ದಾಟಿ ಬಂದು ಇದನ್ನು ತಿರುಗಿಸಿ ಕೂಡಿಸಿ ಹೋಗಿದ್ದಾರೆ.

ಟೆಂಪೊ ನಾಬಿಗಿಂತ ದೊಡ್ಡ ಸಾಕ್ಷಿ ಇದು. ಯಾರೂ ಇಲ್ಲ ಎನ್ನಲಾಗದ ಸಾಕ್ಷಿ. ಹೇಳಬೇಕು, ಈಗಲೇ ಹೇಳಬೇಕು. ನಾಲಿಗೆ ಎಂದಿನಂತೆ ಅಂಗುಳಕ್ಕೆ ಅಂಟಿಕೊಂಡಿತು. ನಾಲ್ಕು ಜನರ ಎದುರು ಬಾಯಿ ತೆರೆಯುವುದೆಂದರೆ ಅವಳಿಗೆ ಶಾಲೆಯ ದಿನಗಳಿಂದಲೂ ಹೀಗೇ.

"ಸಾಹೇಬ್ರ..." ಎಂದಳು. "ನಾಬಿನ ಮ್ಯಾಲೆ... ವಿಭೂತಿ ಐತ್ರಿ."

ಅಷ್ಟೇ ಹೊರಬಂದದ್ದು. ಮುಂದಿನ ಮಾತಿಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಶಂಭುಲಿಂಗ ಬಾಗಿಲಿನ ಬಳಿ ಇದ್ದ.

"ವಿಭೂತಿ?" ಎಂದ. ನಾಬಿನ ಪಕ್ಕೆಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಒಂದು ಚಣ ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಕಣ್ಣು ಮುಚ್ಚಿದ. "ಶಿವ ಶಿವಾ! ಇಷ್ಟೆಲ್ಲಾ ಆದ ಮ್ಯಾಲೂ ಉಳದೈತೆಲ್ಲ ತಂದಿ!"

ಕೈ ಒಳಗೆ ಚಾಚಿದ. ಮೂರು ಬೆರಳು ನಾಬಿನ ಸುತ್ತ ಒತ್ತಿ ಹಾಯ್ದವು. ಒಮ್ಮೆ, ಮತ್ತೊಮ್ಮೆ. ಆ ಬೆರಳುಗಳನ್ನು ಅವನು ಹಣೆಗೆ ಎಳೆದುಕೊಂಡ.

"ನನ್ನ ತಮ್ಮಗ ಶಾಂತಿ ಸಿಗ್ಲಿ," ಎಂದ.

ಮಾಲತೇಶ ತಮಗರಿವಿಲ್ಲದೆ ಟೋಪಿ ಕಂಕುಳಿಗಿಟ್ಟು ಕೈಮುಗಿದರು.

ವಿದ್ಯಾಶ್ರೀಯ ಬಾಯಿ ತೆರೆದೇ ಇತ್ತು. ಕಟ್ಟಿಗೆಯ ಮೇಲೆ ಗೆರೆಗಳಿರಲಿಲ್ಲ. ಸಾಕ್ಷಿ ಈಗ ಅವನ ಹಣೆಯ ಮೇಲಿತ್ತು.

"ಅದನ್ನ ಒರಸಬಾರದಿತ್ರಿ!" ಎಂದಳು. ದನಿ ಚೀರಿದಂತೆ ಬಂತು. "ಸಾಹೇಬ್ರ, ಅದು ಒಣಗಿತ್ರಿ. ನಮ್ಮವ್ವ ಹಚ್ಚಿದ್ದು. ಕೆರ್ಯಾಗ ಬಿದ್ದಿದ್ರ ತೊಳಕೊಂಡ ಹೋಗಬೇಕಿತ್ತಲ್ರಿ? ಸ್ಟೇರಿಂಗ್ ಮ್ಯಾಲಿಂದು ಹೋಗೇತ್ರಿ, ನೋಡ್ರಿ! ಆ ನಾಬ್ ನೀರಾಗ ಇರಲೇ ಇಲ್ರಿ!"

ಮಾಲತೇಶರ ಹುಬ್ಬು ಗಂಟಾಯಿತು. ಅವರು ಸ್ಟೇರಿಂಗನ್ನು ನೋಡಿದರು, ನಾಬನ್ನು ನೋಡಿದರು. ಮೊದಲ ಸಲ ಅವರು ನಿಜವಾಗಿ ಯೋಚಿಸುತ್ತಿರುವಂತೆ ಕಂಡಿತು. "ಎಲ್ಲೈತಿ ವಿಭೂತಿ?"

"ಅವರ ಹಣೀ ಮ್ಯಾಲ ಐತ್ರಿ."

ಇಬ್ಬರೂ ತಿರುಗಿದರು.

ಶಂಭುಲಿಂಗ ಮುಬಶೀರನ ನೀರಿನ ಪೀಪಾಯಿಯ ಮುಂದೆ ಬಗ್ಗಿ ನಿಂತಿದ್ದ. ಬೊಗಸೆ ತುಂಬ ನೀರು ಎತ್ತಿ ಮುಖಕ್ಕೆ ಎರಚಿಕೊಂಡ. ಮತ್ತೊಂದು ಬೊಗಸೆ. ನೀರು ಗಲ್ಲದಿಂದ ಅಂಗಿಯ ಮೇಲೆ ಇಳಿಯಿತು. "ಉಶ್! ಏನ ಸೆಕೀರಿ ಸಾಹೇಬ್ರ. ತಲಿ ಗಿಮ್ ಅಂತು."

ಎದ್ದು ನಿಂತ. ಹಣೆ ಸ್ವಚ್ಛವಾಗಿತ್ತು.

ಅಲ್ಲಿಯವರೆಗೆ ವಿದ್ಯಾಶ್ರೀಗೆ ಒಂದು ಅನುಮಾನ ಉಳಿದಿತ್ತು. ಭಕ್ತಿಯಿಂದಲೇ ಒರೆಸಿಕೊಂಡಿರಬಹುದು, ಗೊತ್ತಿಲ್ಲದೆ ಮಾಡಿರಬಹುದು. ಈಗ ಅದೂ ಹೋಯಿತು. ಕಣ್ಣು ಮುಚ್ಚಿ ಶಿವನನ್ನು ನೆನೆದು ವಿಭೂತಿ ಧರಿಸಿದವನು ಕಣ್ಣು ತೆರೆದು ಅದನ್ನು ತೊಳೆದುಕೊಳ್ಳುವುದಿಲ್ಲ. ಅವಳ ಮನೆಯಲ್ಲಿ ಮಾತ್ರವಲ್ಲ, ಹಿರೇಕೆರೂರಿನ ಸಾವ್ಕಾರರ ಮನೆಯಲ್ಲೂ ಇಲ್ಲ.

ಒದ್ದೆ ರೆಪ್ಪೆಗಳ ನಡುವಿನಿಂದ ಅವನು ಅವಳನ್ನೇ ನೋಡುತ್ತಿದ್ದ. ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು.

"ಚಾಚಾ, ನೀವ ನೋಡಿದ್ರೆಲ್ಲ?" ಅವಳು ಖಾದರಸಾಬನ ತೋಳು ಹಿಡಿದಳು. "ಮೂರ ಗೆರಿ ಇತ್ತಲ್ಲ? ಒಣಾ ಇತ್ತಲ್ಲ?"

"ನಾ ಅಂಕಿ ನೋಡಿದೆ ಬೇಟಿ. ಪಕ್ಕಕ್ಕ ನೋಡ್ಲಿಲ್ಲ." ಮುದುಕ ಅವಳ ಕೈಯ ಮೇಲೆ ಕೈಯಿಟ್ಟ. "ನೋಡಲಾರದ್ದು ನೋಡೇನಿ ಅಂತ ಹೆಂಗ ಹೇಳ್ಲಿ?"

"ಏನೋ ಬೆಳ್ಳಗ ಇತ್ತವಾ, ನಾನೂ ನೋಡಿದೆ," ಎಂದರು ಮಾಲತೇಶ. "ಆದ್ರ ಕೆರೀ ಕೆಸರು ಒಣಗಿದ್ರೂ ಬೆಳ್ಳಗ ಆಕ್ಕೈತಿ. ಇಷ್ಟರ ಮ್ಯಾಲ ನಾ ಏನಂತ ಬರೀಲಿ? ನಿಮ್ಮವ್ವನ್ನ ಕರಕೊಂಡ ಬಾ. ಯಾವಾಗ ಹಚ್ಚಿದ್ಲು, ಹೆಂಗ ಹಚ್ಚಿದ್ಲು, ಆಕೀನ ಬಾಯಿಲೇ ಹೇಳ್ಲಿ. ನಾಳೆ ಕೋರ್ಟಿಗೆ ಹೋಗೂದ್ರಾಗ ಕೇಳ್ತೇನಿ. ಅಷ್ಟ ನನ್ನ ಕೈಲಿ ಆಗೂದು."

ಅಷ್ಟಾದರೂ ಆಯಿತಲ್ಲ. ಅವ್ವ ಬಂದು ಹೇಳುತ್ತಾಳೆ. ಅವ್ವನ ಬೆರಳು ನೋಡಿದರೆ ಅವರೂ ನಂಬಬಹುದು.

ಮುಖ ಒರೆಸಿಕೊಳ್ಳುತ್ತ ಶಂಭುಲಿಂಗ ನೆರಳಿಗೆ ಸರಿದ. ಫೋನು ಕಿವಿಗಿಟ್ಟು ಎರಡು ಮಾತು ಆಡಿದ. ಅವಳಿಗೆ ಕೇಳಿಸಿದ್ದು ಕೊನೆಯದು ಮಾತ್ರ: "...ಹೂಂ ಮಾರೆಪ್ಪಾ, ಈಗಿಂದೀಗ."

ಮಾರೆಪ್ಪ ಅವನ ಡ್ರೈವರ್. ಕಾರಿನ ಉಳಿದ ಸಾಮಾನು ಒಯ್ಯಲೆಂದು ಬೆಳಿಗ್ಗೆಯೇ ಶಿಗ್ಗಾಂವಿಯ ಗ್ಯಾರೇಜಿಗೆ ಬಂದು ಕುಳಿತಿದ್ದ.

ಮಾಲತೇಶ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆಯತೊಡಗಿದರು. ಅಷ್ಟರಲ್ಲಿ ವಿದ್ಯಾಶ್ರೀಯ ಫೋನು ಗುಂಯ್ ಎಂದಿತು. ಅವ್ವ.

"ವಿದ್ಯಾ, ನಾ ಹಿರೇಕೆರೂರಿಗೆ ಹೊಂಟೇನಿ," ಎಂದಳು ಭರಮವ್ವ. ಎಷ್ಟೋ ದಿನಗಳ ಮೇಲೆ ಅವಳ ದನಿಯಲ್ಲಿ ಗೆಲುವಿತ್ತು. "ಸಾವ್ಕಾರ್ರು ಹೊಸಾ ಗಾಡಿ ತಗೊಂಡಾರಂತ. ನನ್ನ ಕೈಲೇ ವಿಭೂತಿ ಹಚ್ಚಸ್ಬೇಕಂತ ಮಾರೆಪ್ಪನ್ನ ಕಳಿಸ್ಯಾರ. ಪರಮೇಶನ್ನೂ ಬಿಡಸ್ತೇನಿ ಅಂದಾರವ್ವಾ. ದೇವರಂಥಾ ಮನಶಾ!"

"ಯವ್ವಾ, ಹೋಗಬ್ಯಾಡ. ಕೇಳಿಲ್ಲೆ, ಗಾಡಿ ಹತ್ತಬ್ಯಾಡ—"

"ಹೊಂಟೇನವಾ, ಹಾರನ್ ಹೊಡ್ಯಾಕತ್ಯಾನ. ಡಬರ್ಯಾಗ ರೊಟ್ಟಿ ಇಟ್ಟೇನಿ."

ಅವ್ವನಿಗೆ ಫೋನು ಕಟ್ ಮಾಡಲು ಇನ್ನೂ ಬರುವುದಿಲ್ಲ. ಮಾತು ಮುಗಿದ ಕೂಡಲೇ ಹಾಗೇ ಚೀಲಕ್ಕೆ ಹಾಕಿಬಿಡುತ್ತಾಳೆ. ಈಗಲೂ ಹಾಕಿದಳು. ಬಟ್ಟೆಯ ಸರಸರ ಕೇಳಿತು. "ಯವ್ವಾ! ಯವ್ವಾ!" ಎಂದು ಕೂಗಿದಳು ವಿದ್ಯಾಶ್ರೀ. ಆ ಕೂಗು ಚೀಲದ ಒಳಗೇ ಉಳಿದಿರಬೇಕು.

"ಸಾಹೇಬ್ರ, ನಮ್ಮವ್ವನ್ನ ಕರಕೊಂಡ ಹೊಂಟಾರ್ರಿ!"

ಮಾಲತೇಶ ತಲೆಯೆತ್ತಿದರು. "ಯಾರು?"

"ನಾನ ಕರಸೇನ್ರಿ," ಎಂದ ಶಂಭುಲಿಂಗ. ದನಿ ಬೆಣ್ಣೆಯಂತಿತ್ತು. "ಒಂದ ಪೂಜಿ ಐತಿ. ಆ ತಾಯಿ ಕೈಗುಣಾ ಛಲೋ. ಸಂಜೀಕ ತಂದ ಬಿಡ್ತೇನಿ."

"ಪೂಜಿಗೆ ಕರದ್ರ ಅದಕ್ಯಾಕ ಹಿಂಗ ಹೆದರ್ತೀಯವಾ?" ಎಂದು ಮಾಲತೇಶ ಮತ್ತೆ ಕಾಗದಕ್ಕೆ ಬಗ್ಗಿದರು.

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಬಾಗಿಲು ಬಡ್ ಎಂದು ಮುಚ್ಚಿತು. ಎಂಜಿನ್ ಗುರ್ ಎಂದಿತು.

ಕಣ್ಣು ಕಟ್ಟಿ ಕೂರಿಸಿ ಅಣ್ಣ ಅವಳಿಗೆ ಕಲಿಸಿದ್ದ, ಸಪ್ಪಳದಲ್ಲೇ ಗೇರು ಗುರುತಿಸುವುದನ್ನು. ಎಂಜಿನ್ ಏರಿ, ಒಮ್ಮೆ ಉಸಿರು ಬಿಟ್ಟು, ಮತ್ತೆ ತಗ್ಗಿನಿಂದ ಶುರುಮಾಡಿದರೆ ಒಂದು ಗೇರು ಮೇಲೆ. ತಟ್ಟನೆ ದನಿ ಎತ್ತಿದರೆ ಒಂದು ಗೇರು ಕೆಳಗೆ.

ಫಸ್ಟ್. ಸೆಕೆಂಡ್.

ಗ್ಯಾರೇಜಿನಿಂದ ಹಿರೇಕೆರೂರಿಗೆ ಹೋಗುವವರು ಬಲಕ್ಕೆ ತಿರುಗಬೇಕು. ತಿರುಗಿದ ಕೂಡಲೇ ಶಾಲೆಯ ಮುಂದೆ ರಸ್ತೆಗೆ ಅಡ್ಡ ಎರಡು ಹಂಪುಗಳಿವೆ. ಎಂಥ ಡ್ರೈವರನಾದರೂ ಅಲ್ಲಿ ಸೆಕೆಂಡಿಗೆ ಇಳಿಯಲೇಬೇಕು. ಎಡಗಡೆಯ ದಾರಿಯಲ್ಲಿ ಹಂಪಿಲ್ಲ, ಮನೆಗಳೂ ಇಲ್ಲ. ಅದು ನೀರು ತುಂಬಿದ ಹಳೆಯ ಕಲ್ಲಿನ ಕ್ವಾರಿಗೆ ಹೋಗಿ ಮುಗಿಯುತ್ತದೆ.

ಥರ್ಡ್.

ಈಗ ಇಳಿಸಬೇಕು. ಇಳಿಸಪ್ಪಾ, ಇಳಿಸು, ಎಂದು ಅವಳು ಬೇಡಿಕೊಂಡಳು. ಚೀಲದ ಒಳಗಿನಿಂದ ಅವ್ವನ ನಗು ಮಂದವಾಗಿ ಕೇಳಿತು. ಡ್ರೈವರನಿಗೆ ಏನೋ ಹೇಳುತ್ತಿದ್ದಳು.

"ಯಾರ ಫೋನು ತಂಗಿ?" ಶಂಭುಲಿಂಗ ಪಕ್ಕದಲ್ಲೇ ನಿಂತಿದ್ದ. "ಅವ್ವಂದನ?"

ಎಂಜಿನ್ ಒಮ್ಮೆ ಉಸಿರು ಬಿಟ್ಟಿತು. ನಾಲ್ಕನೆಯ ಗೇರು ಮೆತ್ತಗೆ, ಸಪ್ಪಳವಿಲ್ಲದೆ ಬಿತ್ತು.